ಸೊನ್ನೆ ಎರಡು ಎರಡು ಏಳು

ಸ್ಕ್ರೋಲ್ ಲಾಕ್ ಕೀಲಿ ಹೋದ ವರ್ಷವೇ ಉದುರಿತ್ತು.
ಅದರ ಗುಂಡಿಯಲ್ಲಿ ಈಗ ಬಿಸ್ಕತ್ತಿನ ಪುಡಿ.
ಹಾಗಾಗಿ ಅಂಗಡಿಯ ಹೆಗ್ಡೋದೇಸಾಯರು
ಕನ್ನಡದ ಬಾಗಿಲಿಗೆ ಬೇರೆ ಚಾವಿ ಮಾಡಿಸಿದ್ದರು:
ಕಂಟ್ರೋಲ್, ಶಿಫ್ಟ್, ಎಡಮೂಲೆಯ ಅಲೆಗೀಟು,
ಮೂರೂ ಒಟ್ಟಿಗೆ.

ಮಡಗಾಂವದ ಕೋರ್ಟಿನ ಹಿಂದೆ ಝೆರಾಕ್ಸ್ ಅಂಗಡಿ.
ಬೆಳಿಗ್ಗೆ ನಾನು ಅಫಿಡವಿಟ್ಟು, ಬಾಡಿಗೆ ಕರಾರು.
ಸಂಜೆ ನಮ್ಮ ಮಂದಿಯ ಕನ್ನಡ:
ಕುಬುಸದ ಕಾರ್ಡು, ಗೌಂಡಿಗಳ ಸಂಘದ ರಸೀದಿ,
ಒಮ್ಮೆ ಒಬ್ಬನ ಸಿಟ್ಟಿನ ಪತ್ರ, ಹೆಂಡತಿಗೆ,
ಅವಳಿಗೆ ಓದಲು ಬರುವುದಿಲ್ಲವೆಂದು ಗೊತ್ತಿದ್ದೂ.

ಬುಧವಾರ ಬಂದವನು ದಾಮಿಯಾಂವ್,
ಇಗರ್ಜಿಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು.
ಕೈಯಲ್ಲಿ ಎರಡು ಕಾಗದ. ಒಂದರಲ್ಲಿ
ಅವನ ಹೆಸರಿನ ಕೊನೆಯ ಎ ತಲೆಯ ಮೇಲೆ ಸಣ್ಣ ಅಲೆ,
ಇನ್ನೊಂದರಲ್ಲಿ ತಲೆ ಬೋಳು.
'ಆಫೀಸಿನವರು ಕೇಳುತ್ತಾರೆ ಬಾಯ್, ಇವರಿಬ್ಬರು ಯಾರು ಅಂತ.
ಇಬ್ಬರೂ ನಾನೇ ಅಂತ ಬರೆದುಕೊಡು.'

ಅಲೆ ಏಳಿಸಲು ಒತ್ತಬೇಕಾದದ್ದು
ಕಂಟ್ರೋಲ್, ಶಿಫ್ಟ್, ಅದೇ ಎಡಮೂಲೆ,
ಆಮೇಲೆ ಎ.
ಒತ್ತಿದೆ.

Damiಅಒ

ಅಳಿಸಿದೆ. ಮತ್ತೆ ಒತ್ತಿದೆ.
ಕನ್ನಡ ಹೋಯಿತು, ಅಲೆ ಮಾತ್ರ ಬರಲಿಲ್ಲ.
ಒಂದೇ ಚಾವಿಗೆ ಎರಡು ಮನೆ.
ಯಾರು ಮೊದಲು ಓ ಅಂದರೋ ಅವರದು ಬಾಗಿಲು,
ಪ್ರತಿ ಸಲ ಓ ಅಂದದ್ದು ಕನ್ನಡವೇ.
ಒಳಗೊಳಗೇ ಹಿಗ್ಗಿದೆ, ಯಾಕೆ ಸುಳ್ಳು ಹೇಳಲಿ?
ಈ ಊರಿನ ಯಾವ ಕೌಂಟರಿನಲ್ಲೂ
ನಮ್ಮ ಸರದಿ ಮೊದಲು ಬಂದದ್ದಿಲ್ಲ.

'ಕನ್ನಡ ಮುಚ್ಚಿಬಿಡು' ಎಂದರು ದೇಸಾಯರು.
ಹೇಗೆ ಮುಚ್ಚಲಿ? ಹಿಂದಿನ ಕಿಟಕಿಯಲ್ಲಿ
ಶಿವಗಂಗವ್ವನ ಮಗಳ ಕುಬುಸ, ಅರ್ಧ ಟೈಪಾಗಿ ನಿಂತಿದೆ.

'ಅಲೆ ಇಲ್ಲದಿದ್ದರೆ ಏನಾಗುತ್ತದೆ?' ಅಂದೆ.
ಅವನು ಮೂಗಿನ ಮೇಲೆ ಬೆರಳಿಟ್ಟು
ಹೆಸರನ್ನು ಎರಡು ಸಲ ಹೇಳಿದ.
ಮೊದಲನೆಯದು ಊದಿದ ಹಾಗಿತ್ತು,
ಎರಡನೆಯದು ಮೂಗು ಕೊಯ್ದ ಹಾಗೆ.

ನನಗೆ ಗೊತ್ತಿಲ್ಲವೇ.
ನಾನು ಮಾಳವ್ವ. ಆಧಾರಿನಲ್ಲಿ ಮಾಲವ್ವ.
ಮಡಚಿದ ನಾಲಿಗೆಗೆ ಆ ಲಿಪಿಯಲ್ಲಿ ಹಾಸಿಗೆಯಿಲ್ಲ.
ಬ್ಯಾಂಕಿನ ಹುಡುಗಿ 'ಮಾಲಾ' ಎಂದು ಕರೆದಾಗ
ನಾನೂ ಓ ಅನ್ನುತ್ತೇನೆ.

ಸಿಟ್ಟಿಗೆ ಕೀಬೋರ್ಡು ಬೋರಲು ಹಾಕಿ ಬಡಿದೆ.
ಪುಡಿ ಸುರಿಯಿತು. ಅಡಿಯಲ್ಲೊಂದು ಚೀಟಿ,
ನನಗಿಂತ ಮೊದಲಿದ್ದವಳು ಅಂಟಿಸಿದ್ದು, ನೀಲಿ ಶಾಯಿ:
ಆಲ್ಟ್ ಬಿಡಬೇಡ. ಬಲಗಡೆಯ ಅಂಕಿಗಳಲ್ಲಿ
ಸೊನ್ನೆ ಎರಡು ಎರಡು ಏಳು.

ಸೊನ್ನೆಯಿಂದಲೇ ಶುರು! ನಗು ಬಂತು.
ಅಕ್ಷರದ ಮಗ್ಗುಲಿಗೆ ಸೊನ್ನೆ ಇಟ್ಟರೆ
ಸದ್ದು ಮೂಗಿಗೆ ಹೋಗುತ್ತದೆಂದು
ಒಂದನೇ ಈಯತ್ತೆಯಲ್ಲಿ ಬಡಿದು ಕಲಿಸಿದ್ದರಲ್ಲ.
ಇವರಿಗೆ ತಲೆಯ ಮೇಲೆ ಅಲೆ, ನಮಗೆ ಪಕ್ಕದಲ್ಲಿ ಉಂಡೆ,
ಉಸಿರು ಮಾತ್ರ ಅವೇ ಎರಡು ಹೊಳ್ಳೆಗಳದು.

ಹೆಬ್ಬೆರಳು ಆಲ್ಟಿನ ಮೇಲೆ. ನಾಲ್ಕು ಅಂಕಿ. ಬಿಟ್ಟೆ.
ã
ದಾಮಿಯಾಂವ್ ಕನ್ನಡಕ ಏರಿಸಿ, ಇಳಿಸಿ,
ಅರವತ್ತು ರೂಪಾಯಿ ಎಣಿಸಿ, ಹೊರಟು, ತಿರುಗಿ ಬಂದ.
'ನಡುವೆ ನಿನ್ನ ಅಕ್ಷರ ಬಂದಿತ್ತಲ್ಲ,
ಅದರಲ್ಲೂ ಒಂದು ಹೆಸರು ಕೊಡು.'
ಕೊಟ್ಟೆ. 'ಈ ಉಂಡೆ ಏನು?'
'ಅದೇ ನಿನ್ನ ಮೂಗು.'
ಮಡಚಿ ಕ್ಲಾರಿನೆಟ್ಟಿನ ಪೆಟ್ಟಿಗೆಯಲ್ಲಿಟ್ಟ,
ರೀಡುಗಳ ಪಕ್ಕ.

ಆರಕ್ಕೆ ಬಸ್ ನಿಲ್ದಾಣ ದಾಟಿ ಮನೆಗೆ.
ಊರಿನ ಹೆಸರು ಇಂಗ್ಲಿಷ್ ಫಲಕದಲ್ಲಿ ಬೋಳುತಲೆ.
ನಮ್ಮ ಕಡೆಯ ಬಸ್ಸಿನ ಬೋರ್ಡಿನಲ್ಲಿ
ಮಡಗಾಂವಕ್ಕೆ ಇನ್ನೂ ಸೊನ್ನೆಯಿದೆ,
ಅರ್ಧಕ್ಕೆ ಕೆಂಪು ಧೂಳು.
ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರ್ ಕರೆಯುತ್ತಿದ್ದ:
ಹುಬ್ಬಳ್ಳಿ, ಹುಬ್ಬಳ್ಳಿ, ಹುಬ್ಬಳ್ಳಿ,
ನಾಲಿಗೆ ಮಡಚಿ, ಎರಡೆರಡು ಳ.
ಹತ್ತುವವಳಲ್ಲ ನಾನು.
ಸುಮ್ಮನೆ ನಿಂತು ಕೇಳಿದೆ.